ಎರಡು ವಾರ ಬಣ್ಣ, ಆಮೇಲೆ ಸೂಜಿ: ಮಣಿಕಟ್ಟಿನ ಡಿಸೈನ್ ಆರಿಸೋ ನನ್ನ ದಾರಿ

ಧಾರವಾಡದಲ್ಲಿ ಟ್ಯಾಟೂ ಅಂಗಡಿ ಇಟ್ಟು ಏಳೆಂಟು ವರ್ಷ ಆಯ್ತು. ಬರೋ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನ ಕೇಳೋದು ಮಣಿಕಟ್ಟು. ವರ್ಷ ಕಳೆದ ಮೇಲೆ ‘ಇದನ್ನ ಮುಚ್ಚಿಕೊಡ್ರಿ’ ಅಂತ ಬರೋರದ್ದೂ ಹೆಚ್ಚಾಗಿ ಮಣಿಕಟ್ಟೇ. ಅದಕ್ಕೇ ಒಂದು ನಿಯಮ ಮಾಡಿಕೊಂಡೆ: ಮಣಿಕಟ್ಟಿಗೆ ಬಂದ ದಿನವೇ ಸೂಜಿ ಇಲ್ಲ. ಮೊದಲು ಜಾಗುವಾ ಅನ್ನೋ, ಕೆಲವು ದಿನಕ್ಕೆ ತಾನೇ ಮಾಸಿಹೋಗೋ ಬಣ್ಣದಲ್ಲಿ ಬರೆದುಕೊಡ್ತೀನಿ, ಎರಡು ವಾರ ಅದನ್ನೇ ಹಾಕ್ಕೊಂಡು ತಿರುಗಾಡಲಿ, ಬಣ್ಣ ಮಾಸಿದ ಮೇಲೆ ಬರಲಿ, ಆಗ ಡಿಸೈನ್ ಮಾತು.

ಹುಬ್ಬಳ್ಳಿಯ ಗೆಳೆಯರು ನಕ್ಕರು. ‘ಕಾದ ಕಬ್ಬಿಣ ಬಡಿಯೋದು ಬಿಟ್ಟು ತಣ್ಣಗ ಮಾಡಿ ಕಳಸ್ತೀಯಲ್ಲೋ. ಮನೀಗೆ ಹೋದ್ರ ಅವ್ವ ನೋಡ್ತಾಳ, ಅಪ್ಪ ಬೈತಾನ, ಗಿರಾಕಿ ಹೋತು’ ಅಂದರು. ನನಗೆ ಕೆಲಸ ಕಲಿಸಿದ ಬೆಂಗಳೂರಿನ ಗುರುಗಳಂತೂ ‘ಎರಡು ವಾರ ಟೈಮ್ ಕೊಟ್ರೆ ಎದುರಂಗಡಿಗೆ ಹೋಗ್ತಾನೆ ಮಗಾ’ ಅಂತ ಷರಾ ಬರೆದೇಬಿಟ್ಟರು. ಈಗ ಅವರ ಹುಡುಗರೇ ಫೋನ್ ಮಾಡಿ ಜಾಗುವಾ ಜೆಲ್ ಎಲ್ಲಿಂದ ತರಿಸ್ತೀರಿ ಅಂತ ಕೇಳ್ತಾರೆ. ಸರಿ, ಬರೆದೇ ಇಡೋಣ ಅನ್ನಿಸಿತು.

ಒಳಮಣಿಕಟ್ಟಿನ ಚರ್ಮ ಎಷ್ಟು ತೆಳು, ಸೂಜಿ ಕೂದಲೆಳೆಯಷ್ಟು ಹೆಚ್ಚು ಆಳ ಹೋದರೂ ಬ್ಲೋಔಟ್, ಅಂದರೆ ಶಾಯಿ ಒಳಗೆ ಹರಡಿ ಗೆರೆ ಮಸುಕಾಗೋದು, ಹೇಗೆ ಆಗುತ್ತೆ, ಇದೆಲ್ಲ ಈ ಕೆಲಸದವರಿಗೆ ಗೊತ್ತೇ ಇದೆ. ನನ್ನ ತಕರಾರು ಸೂಜಿಗಿಂತ ಮುಂಚಿನದು. ಗಿರಾಕಿ ಡಿಸೈನ್ ನೋಡೋದು ಫೋನಿನಲ್ಲಿ, ಬೆಳ್ಳನೆ ಬಣ್ಣದ, ಅಲ್ಲಾಡದ ಯಾವುದೋ ಕೈಯ ಮೇಲೆ. ಅವನ ಕೈ ಬೈಕ್ ಓಡಿಸುತ್ತೆ, ಪಾತ್ರೆ ತೊಳೆಯುತ್ತೆ, ಅಂಗೈ ಮೇಲಿಂದ ಕೆಳಗೆ ತಿರುಗಿದರೆ ಚರ್ಮವೂ ಜೊತೆಗೆ ತಿರುಗುತ್ತೆ. ಒಮ್ಮೆ ನಿಮ್ಮ ಕೈಯಲ್ಲೇ ಮಣಿಕಟ್ಟಿನ ನಡುವಿನಿಂದ ಮೊಳಕೈ ಕಡೆಗೆ ಪೆನ್ನಲ್ಲಿ ನೇರ ಗೆರೆ ಎಳೆದು ಅಂಗೈ ಮಗುಚಿ ನೋಡಿ. ಆ ಗೆರೆ ಓಡೋ ಸೊಟ್ಟ ನೋಡಿದ ಮೇಲೆ ಯಾರಿಗೂ ಬಾಣ, ಕತ್ತಿ, ಉದ್ದನೆ ಗರಿ ಆರಿಸಿ ಅಂತ ಹೇಳೋ ಧೈರ್ಯ ಬರೋದಿಲ್ಲ.

ಜಾಗುವಾಕ್ಕೆ ಬರೋ ಮುಂಚೆ ಸುಮಾರು ದುಡ್ಡು ನೀರಿಗೆ ಹಾಕಿದೀನಿ. ಮೊದಲು ಬಾಲ್‌ಪೆನ್. ಸಂಜೆಗೆ ಹೋಗುತ್ತೆ, ಗಿರಾಕಿ ತಾನೇ ತಿದ್ದಿಕೊಳ್ತಾನೆ, ವಾರದಲ್ಲಿ ನವಿಲುಗರಿ ಹೋಗಿ ಬಾಳೆಎಲೆ ಆಗಿರುತ್ತೆ. ಆಮೇಲೆ ಪ್ರಿಂಟ್ ತೆಗೆದು ಅಂಟಿಸೋ ಟ್ಯಾಟೂ ಕಾಗದ. ಇಂಕ್‌ಜೆಟ್ ಪ್ರಿಂಟರ್ ಸೇರಿ ಹತ್ತು ಸಾವಿರದ ಹತ್ತಿರ ಹೋಯಿತು. ಮಿಂಚುತ್ತೆ, ಮರುದಿನವೇ ಮಣಿಕಟ್ಟಿನ ಮಡಿಕೆಯಲ್ಲಿ ಬಿರಿಯುತ್ತೆ. ಆದರೆ ಆ ದುಡ್ಡಿಗೆ ಒಂದು ಪಾಠ ಸಿಕ್ಕಿತು: ಕಾಗದ ಬಿರಿದ ಜಾಗವೇ ಕೈ ನಿಜವಾಗಿ ಮಡಚೋ ಜಾಗ, ಮತ್ತು ಅದು ಕಣ್ಣಿಗೆ ಕಾಣೋ ಗೆರೆಗಿಂತ ಸ್ವಲ್ಪ ಮೇಲಿರುತ್ತೆ. ಅಂದಿನಿಂದ ಮಣಿಕಟ್ಟಿನ ಮಡಿಕೆ ಗೆರೆ ಬಿಟ್ಟು ಎರಡು ಬೆರಳು ಮೇಲೆಯೇ ನನ್ನ ಡಿಸೈನ್ ಶುರು.

ಮೆಹೆಂದಿಯಲ್ಲೂ ನೋಡಿದೆ. ಗೆರೆ ದಪ್ಪ, ಬಣ್ಣ ಕೆಂಪು. ‘ಮದುವಿ ಮನಿಗೆ ಹೊಂಟೀಯೇನೋ’ ಅಂತ ಹಾಸ್ಟೆಲ್ ಹುಡುಗರನ್ನ ಗೆಳೆಯರು ಕಾಡಿಸಿದ್ದಷ್ಟೇ ಬಂತು. ಕಪ್ಪು ಮೆಹೆಂದಿ ಕೋನ್ ತಗೊಂಡರೆ ಅಗ್ಗ ಅಂತ ಯಾರೋ ಹೇಳಿದರು. ಅದನ್ನ ಮುಟ್ಟಲೇಬೇಡಿ. ಅದರ ಕಪ್ಪು ಬರೋದು ಕೂದಲಿಗೆ ಹಚ್ಚೋ ಡೈನಲ್ಲಿರುವ ಪಿಪಿಡಿ ಅನ್ನೋ ರಾಸಾಯನಿಕದಿಂದ. ಕೆಲವರಿಗೆ ಚರ್ಮದ ಮೇಲೆ ಗುಳ್ಳೆ ಎದ್ದು ಅದೇ ಆಕಾರದಲ್ಲಿ ಕಲೆ ಉಳಿಯುತ್ತೆ, ಆ ಮನುಷ್ಯ ಮುಂದೆ ಕೂದಲಿಗೆ ಬಣ್ಣ ಹಚ್ಚಿದಾಗಲೂ ತೊಂದರೆ ಪಡಬೇಕಾಗುತ್ತೆ.

ಜಾಗುವಾ ಬೇರೆ ಜಾತಿ. ದಕ್ಷಿಣ ಅಮೆರಿಕದ ಕಡೆಯ ಜೆನಿಪಾ ಹಣ್ಣಿನ ರಸ. ಹಚ್ಚಿ ಒಂದೆರಡು ಗಂಟೆ ಬಿಟ್ಟು ತೆಗೆದಾಗ ಏನೂ ಕಾಣಲ್ಲ, ಗಿರಾಕಿ ಮುಖ ಸಪ್ಪಗೆ ಮಾಡ್ತಾನೆ. ಮರುದಿನ ಬೆಳಿಗ್ಗೆ ಏಳೋ ಹೊತ್ತಿಗೆ ನೀಲಿಗಪ್ಪು. ವಾಸಿಯಾದ ಟ್ಯಾಟೂ ಬಣ್ಣಕ್ಕೆ ಇಷ್ಟು ಹತ್ತಿರದ್ದು ನನಗೆ ಬೇರೆ ಸಿಕ್ಕಿಲ್ಲ. ಹತ್ತು ಹನ್ನೆರಡು ದಿನ ಇರುತ್ತೆ. ಇದೂ ಎಲ್ಲರಿಗೂ ಒಗ್ಗಲ್ಲ, ಮೊಳಕೈ ಹತ್ತಿರ ಒಂದು ಚುಕ್ಕೆ ಇಟ್ಟು ನೋಡದೆ ನಾನು ಮುಂದುವರಿಯಲ್ಲ. ಹಣ್ಣು ತಿಂದರೆ ತುರಿಕೆ ಏಳುವವರಿಗೆ ಹಚ್ಚೋದೇ ಇಲ್ಲ.

ಮೊದಲ ಬಾಟಲಿಗಳು ಮಾತ್ರ ಹಾಳಾದವು. ಒಂದು ಬಾಟಲಿ ಸುಮಾರು ಸಾವಿರದ ಮುನ್ನೂರು ರೂಪಾಯಿ, ಫ್ರೀಜರಿನಲ್ಲಿ ಇಡಬೇಕು, ನಮ್ಮ ಕಡೆ ಏಪ್ರಿಲ್‌ನ ಕರೆಂಟು ನಿಮಗೆ ಗೊತ್ತು. ಎರಡು ಸಲ ಕರಗಿ ಹೆಪ್ಪುಗಟ್ಟಿದ ಜೆಲ್ ಬಣ್ಣ ಬಿಡೋದಿಲ್ಲ. ಈಗ ಬಂದ ದಿನವೇ ಸಣ್ಣ ಸಣ್ಣ ಸಿರಿಂಜಿಗೆ ತುಂಬಿ ಇಡ್ತೀನಿ, ಬೇಕಾದಷ್ಟೇ ಹೊರಗೆ. ಇನ್ನೊಂದು ಸಮಸ್ಯೆ: ಸ್ಟೆನ್ಸಿಲ್ (ಡಿಸೈನಿನ ಗೆರೆಯನ್ನ ಚರ್ಮಕ್ಕೆ ಇಳಿಸೋ ಕಾಗದ) ಅಂಟಿಸಿ ಅದರ ಗೆರೆ ಮೇಲೆ ಜಾಗುವಾ ಎಳೆದರೆ ಹಿಡಿಯೋದಿಲ್ಲ, ಸ್ಟೆನ್ಸಿಲ್ ಅಂಟಲು ಹಚ್ಚೋ ಜೆಲ್ಲಿನ ಪದರ ಅಡ್ಡ ಬರುತ್ತೆ. ಇದಕ್ಕೆ ನಾನು ಕಂಡುಕೊಂಡ ಉಪಾಯ ಒಂದಿದೆ, ಅದು ನನ್ನ ಹತ್ತಿರವೇ ಇರಲಿ. ಸುಳಿವು ಬೇಕಾದರೆ ಅಡುಗೆಮನೆಯಲ್ಲಿ ಹುಡುಕಿ.

ಸ್ಟೆನ್ಸಿಲ್ ಇಡುವಾಗ ಕೈಯನ್ನ ಮೇಜಿನ ಮೇಲೆ ಮಲಗಿಸಬೇಡಿ. ನಿಂತು, ಕೈ ಸುಮ್ಮನೆ ಇಳಿಬಿಟ್ಟಿರಲಿ. ಡಿಸೈನ್ ಯಾರ ಕಡೆ ಮುಖ ಮಾಡಬೇಕು ಅನ್ನೋ ಹಳೇ ಜಗಳವೂ ಇಲ್ಲೇ ತೀರುತ್ತೆ. ನಮಗೆ ಕಲಿಸಿದ್ದು ‘ನೋಡುವವರಿಗೆ ನೆಟ್ಟಗೆ’ ಅಂತ. ಚಿತ್ರಕ್ಕೆ ಅದನ್ನೇ ಪಾಲಿಸ್ತೀನಿ. ಅಕ್ಷರಕ್ಕೆ ಬಂದರೆ ಎಡಗೈಯಲ್ಲಿ ಒಂದು ರೀತಿ, ಬಲಗೈಯಲ್ಲಿ ತಿರುವಿ ಇನ್ನೊಂದು ರೀತಿ ಜಾಗುವಾ ಹಾಕಿ ಕಳಿಸ್ತೀನಿ. ವಾಪಸ್ ಬಂದಾಗ ಯಾವ ಕೈ ಮುಂದೆ ಮಾಡ್ತಾರೋ ಅದೇ ಉತ್ತರ, ನಾನು ಬಾಯಿಬಿಟ್ಟು ಕೇಳೋದೇ ಇಲ್ಲ.

ವಾಪಸ್ ಬಂದ ಕೈಯಲ್ಲಿ ನಾನು ಮೊದಲು ನೋಡೋದು ಬಣ್ಣ ಎಲ್ಲಿ ಬೇಗ ಅಳಿಸಿದೆ ಅಂತ. ಬಳೆ ತೊಡೋ ಹೆಣ್ಣುಮಕ್ಕಳಿಗೆ ಹೊರಬದಿಯ ಗಂಟುಮೂಳೆ ಹತ್ತಿರ ಒಂದು ಪಟ್ಟಿ ಬೆಳ್ಳಗಾಗಿರುತ್ತೆ, ಗಡಿಯಾರ ಕಟ್ಟೋರಿಗೆ ಬಕಲ್ ಕೂರೋ ಜಾಗ, ಕಂಪ್ಯೂಟರ್ ಮುಂದೆ ಕೂರೋರಿಗೆ ಮೇಜಿನ ಅಂಚು ತಾಗೋ ಜಾಗ. ಅಲ್ಲಿಗೆ ಸಣ್ಣ ಕೆಲಸ ಇಡಲ್ಲ. ಗಡಿಯಾರದ ಮಾತು ಬಂತು ಅಂತ ಹೇಳ್ತೀನಿ: 2015ರಲ್ಲಿ ಆಪಲ್ ವಾಚ್ ಬಂದಾಗಲೇ ಕಪ್ಪು ತುಂಬಿದ ಟ್ಯಾಟೂ ಮೇಲೆ ನಾಡಿ ಬಡಿತ ಸರಿಯಾಗಿ ತೋರಿಸಲ್ಲ ಅನ್ನೋದು ಗೊತ್ತಾಗಿತ್ತು, ನಾಡಿ ಅಳೆಯಲು ವಾಚ್ ಚರ್ಮಕ್ಕೆ ಬಿಡೋ ಹಸಿರು ಬೆಳಕನ್ನು ಶಾಯಿ ನುಂಗಿಬಿಡುತ್ತೆ. ಈಗ ನಾಡಿ ಅಳೆಯೋ ಎರಡು ಸಾವಿರದ ಬ್ಯಾಂಡ್ ಎಲ್ಲರ ಕೈಯಲ್ಲೂ ಇದೆ. ಮಣಿಕಟ್ಟಿನ ಮೇಲ್ಬದಿಗೆ ಗಟ್ಟಿ ಕಪ್ಪು ಕೇಳಿದರೆ ಮೊದಲು ಬ್ಯಾಂಡ್ ಬಗ್ಗೆ ಕೇಳ್ತೀನಿ.

ಇನ್ನು ಕನ್ನಡ ಅಕ್ಷರ. ನನ್ನ ಅರ್ಧ ಸಂಪಾದನೆ ಅವ್ವ-ಅಪ್ಪನ ಹೆಸರಿನದೇ ಆದ್ದರಿಂದ ತಲೆ ಕೆಡಿಸಿಕೊಂಡಿದ್ದೂ ಇಲ್ಲೇ ಹೆಚ್ಚು. ಇಂಗ್ಲಿಷ್ ಅಕ್ಷರಕ್ಕೆ ಬರೆದ ಅಳತೆ ನಮಗೆ ನಡೆಯಲ್ಲ. ದ ಮತ್ತು ಧ ನಡುವೆ ಇರೋದು ಕೆಳಗಿನ ಒಂದು ಸಣ್ಣ ಸೀಳು. ಬ-ಭ, ಡ-ಢ, ಪ-ಫ ಎಲ್ಲ ಅದೇ ಕಥೆ. ಮಣಿಕಟ್ಟಿನ ಟ್ಯಾಟೂ ಗೆರೆ ವರ್ಷ ಕಳೆದಂತೆ ಅಗಲ ಆಗೇ ಆಗುತ್ತೆ, ಸೀಳು ತುಂಬಿಕೊಂಡರೆ ರಾಧಾ ರಾದಾ ಆಗ್ತಾಳೆ. ಹುಟ್ಟಿದ ತಾರೀಕು ಕನ್ನಡ ಅಂಕಿಯಲ್ಲಿ ಬೇಕು ಅನ್ನೋರಿಗೆ ೧ರ ಬಾಯಿ ಮುಚ್ಚಿದರೆ ೦ ಆಗುತ್ತೆ ಅಂತ ಬರೆದೇ ತೋರಿಸ್ತೀನಿ. ಎಲ್ಲಕ್ಕಿಂತ ಕಷ್ಟ ಲಕ್ಷ್ಮಿ. ಕ, ಅದರ ಕೆಳಗೆ ಷ ಒತ್ತು, ಮತ್ತೆ ಮ ಒತ್ತು. ಮೇಲಿನ ಅಕ್ಷರ ಎಂಟು ಮಿಲಿಮೀಟರ್ ಇಟ್ಟರೆ ಒತ್ತು ನಾಲ್ಕೂ ಇರಲ್ಲ, ಅದರೊಳಗಿನ ಕಿಂಡಿ ಒಂದು ಮಿಲಿಮೀಟರಿಗೂ ಕಡಿಮೆ. 3ಆರ್‌ಎಲ್ ಅನ್ನೋ ಮೂರು ಮೊನೆಯ ತೆಳು ಸೂಜಿ ಹಾಕಿದರೂ ಆ ಕಿಂಡಿ ನಾಲ್ಕೈದು ವರ್ಷಕ್ಕೆ ಮುಚ್ಚಿಹೋಗುತ್ತೆ. ಇದರ ಮೇಲೆ ಕೆಲವರು ಫೋನಿನ ಆ್ಯಪ್‌ನಲ್ಲಿ ಮಾಡಿದ ಡಿಸೈನ್ ತರ್ತಾರೆ, ಒತ್ತಕ್ಷರ ಒಡೆದು ಪಕ್ಕಪಕ್ಕ ನಿಂತಿರುತ್ತೆ, ಅದನ್ನೇ ‘ಹಿಂಗ ಹಾಕ್ರಿ’ ಅಂತಾರೆ. ಕನ್ನಡ ಓದಲು ಬಾರದ ಕಲಾವಿದನ ಕೈಗೆ ಅದು ಸಿಕ್ಕರೆ ಹಾಗೇ ಕೈ ಮೇಲೆ ಬರುತ್ತೆ. ಅಂಥದ್ದನ್ನ ಮುಚ್ಚಿಕೊಟ್ಟಿದ್ದೂ ಇದೆ.

ದಾರಿ ತೋರಿಸಿದ್ದು ಹುಬ್ಬಳ್ಳಿಯ ಒಬ್ಬ ಹಳೇ ಬೋರ್ಡ್ ಪೇಂಟರ್. ಫ್ಲೆಕ್ಸ್ ಬಂದ ಮೇಲೆ ಅವರಿಗೆ ಕೆಲಸ ಕಡಿಮೆ, ಮಾತಿಗೆ ಸಿಕ್ಕರು. ನುಡಿ ಫಾಂಟಿನ ನನ್ನ ಪ್ರಿಂಟ್ ನೋಡಿ ‘ಒತ್ತು ಇಷ್ಟ ಸಣ್ಣ ಮಾಡಿದ್ರ ಬಸ್ಸಿನಾಗ ಕುಂತಾಂವ ಹ್ಯಾಂಗ ಓದ್ಬೇಕಪಾ’ ಅಂದರು. ಅವರು ಒತ್ತನ್ನು ಬಲಕ್ಕೆ ಜರುಗಿಸಿ, ಮೇಲಿನ ಅಕ್ಷರದ ಮುಕ್ಕಾಲು ಭಾಗಕ್ಕೆ ಬೆಳೆಸಿ, ಕಿಂಡಿಯ ಒಂದು ಕಡೆ ತೆರೆದೇ ಬಿಡ್ತಾರೆ. ಅದೇ ಮಾಡಿದೆ. ಫಾಂಟ್ ಬಳಸೋದು ಬಿಟ್ಟು ಎಲ್ಲ ಹೆಸರನ್ನೂ ಕೈಯಲ್ಲೇ ಬರೀತೀನಿ. ಬರೆದ ಮೇಲೆ ಒಂದು ಪರೀಕ್ಷೆ: ಟ್ರೇಸಿಂಗ್ ಕಾಗದದಲ್ಲಿ ಅದೇ ಗೆರೆಗಳ ಮೇಲೆ ದಪ್ಪ ಮಾರ್ಕರ್ ಓಡಿಸಿ, ಪಕ್ಕದ ಜೆರಾಕ್ಸ್ ಅಂಗಡಿ ಹುಡುಗನಿಗೆ ಓದು ಅಂತ ಕೊಡ್ತೀನಿ. ಅವನು ತಡವರಿಸಿದರೆ ಡಿಸೈನ್ ಫೇಲ್. ಒಂದು ಚಹಾ ಖರ್ಚು.

ಇದೇ ಗುಂಗಿನಲ್ಲಿ ಕೆಲವು ತಿಂಗಳು ಅಜ್ಜಿಯರ ಕೈ ನೋಡ್ತಾ ತಿರುಗಿದೆ. ನಮ್ಮ ಕಡೆ ಹಳ್ಳಿಗಳಲ್ಲಿ ಎಪ್ಪತ್ತು ದಾಟಿದವರ ಕೈಯಲ್ಲಿ ಹಚ್ಚೆ ಇನ್ನೂ ಇದೆಯಲ್ಲ, ದೀಪದ ಮಸಿ, ಎಲೆಯ ರಸ, ಬರೀ ಸೂಜಿ, ಕೊರವರ ಹೆಣ್ಣುಮಕ್ಕಳು ಹಾಕಿದ್ದು. ಸಂತೆಯಲ್ಲಿ ಕಾಯಿಪಲ್ಲೆ ಕೊಂಡು ‘ಅಮ್ಮಾ, ಕೈ ಒಂದ್ಚೂರು ತೋರಸ್ರಿ’ ಅಂದರೆ ‘ಏನ್ ನೋಡ್ತಿಯೋ ಯಪ್ಪಾ, ಸತ್ತ ಮ್ಯಾಗ ಜೊತಿಗೆ ಬರೂ ವಡವಿ ಇದೊಂದ’ ಅಂತ ನಗ್ತಾ ಕೊಡ್ತಿದ್ದರು. ಅರವತ್ತು ವರ್ಷದ ಕೆಲಸ ಕಣ್ಣೆದುರು! ಹೆಸರು ಬರೆಸಿದ್ದೆಲ್ಲ ಹಸಿರು ಕಲೆ ಆಗಿದೆ, ಓದಲಿಕ್ಕಾಗಲ್ಲ. ಉಳಿದಿರೋದು ಬಿಡಿಬಿಡಿ ಚುಕ್ಕೆ, ತೊಟ್ಟಿಲು, ಚೇಳು, ನಡುವೆ ಧಾರಾಳ ಜಾಗ ಬಿಟ್ಟ ಗೆರೆಗಳು. ಅವರ ಗೆರೆಗಳ ನಡುವಿನ ಜಾಗವನ್ನು ಅಳೆದು ನೋಡಿದೆ, ಹೆಚ್ಚುಕಡಿಮೆ ಮೂರು ಮಿಲಿಮೀಟರ್. ಈಗ ನನ್ನ ಮಣಿಕಟ್ಟಿನ ಕೆಲಸದಲ್ಲಿ ಅದೇ ಲೆಕ್ಕ. ಚುಕ್ಕೆ ರಂಗೋಲಿಯಂಥ ಡಿಸೈನ್ ಈಗ ನನ್ನ ಅಂಗಡಿಯಲ್ಲಿ ಹೆಚ್ಚು ಹೋಗೋದಕ್ಕೆ ಕಾರಣವೂ ಇದೇ. ಫ್ಯಾಷನ್ನು ಅಂತ ಗಿರಾಕಿ ಅಂದುಕೊಂಡಿದ್ದಾನೆ, ಅಂದುಕೊಳ್ಳಲಿ.

ಧಾರವಾಡದಲ್ಲಿ ಅಂಗಡಿ ಅಂದಮೇಲೆ ಸಪ್ತಾಪುರದ ಕೋಚಿಂಗ್ ಹುಡುಗರನ್ನ ಬಿಡೋ ಹಾಗಿಲ್ಲ. ಬಿಎಸ್‌ಎಫ್, ಸಿಆರ್‌ಪಿಎಫ್ ಥರದ ಕೇಂದ್ರ ಪಡೆಗಳ ಭರ್ತಿಗೆ ಓದುವವರು ಬಲಗೈಗೆ ತಲೆಬುರುಡೆ ಕೇಳಿಕೊಂಡು ಬರ್ತಾರೆ. ಅಧಿಸೂಚನೆಯಲ್ಲೇ ಇದೆ: ಸೆಲ್ಯೂಟ್ ಹೊಡೆಯದ ಎಡಗೈಯ ಮುಂದೋಳಿನ ಒಳಬದಿ ಇಲ್ಲವೇ ಅಂಗೈ ಹಿಂಬದಿ, ಧಾರ್ಮಿಕ ಚಿಹ್ನೆ ಅಥವಾ ಹೆಸರು, ಕೈಯ ಆ ಭಾಗದ ನಾಲ್ಕನೇ ಒಂದಕ್ಕಿಂತ ಕಡಿಮೆ ಅಳತೆ. ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದೀನಿ. ಅದನ್ನ ಓದಿ ಎದ್ದು ಹೋದವರಿಂದ ನನಗೆ ನಷ್ಟವೇ ಆಗಿದೆ, ಆದರೆ ನೌಕರಿ ಸಿಕ್ಕ ಮೇಲೆ ಬಂದು ಎಡಗೈಗೆ ಹಾಕಿಸಿಕೊಂಡು ಪೇಡೆ ಕೊಟ್ಟು ಹೋದವರೂ ಇದ್ದಾರೆ. ರಕ್ತ ಕೊಡೋ ಅಭ್ಯಾಸ ಇದ್ದವರಿಗೆ ಸೂಜಿ ಆದ ಮೇಲೆ ಒಂದು ವರ್ಷ ಕೊಡುವ ಹಾಗಿಲ್ಲ ಅಂತಲೂ ಜಾಗುವಾ ದಿನವೇ ಹೇಳಿಬಿಡ್ತೀನಿ.

ದುಡ್ಡಿನ ಲೆಕ್ಕ, ನೆನಪಿನಿಂದ. ಜಾಗುವಾ ಟ್ರಯಲ್‌ಗೆ ನಾನೂರು ತಗೋತೀನಿ, ಟ್ಯಾಟೂ ಹಾಕಿಸಿದರೆ ಬಿಲ್ಲಿನಲ್ಲಿ ಕಳೀತೀನಿ. ಒಂದು ಬಾಟಲಿಗೆ ಇಪ್ಪತ್ತೈದು-ಮೂವತ್ತು ಕೈ ಆಗುತ್ತೆ, ಅಂದರೆ ಕೈಗೆ ಐವತ್ತು ರೂಪಾಯಿ ಸಾಮಾನು, ಅರ್ಧ ಗಂಟೆ ಕೆಲಸ. ಹತ್ತು ಜನರಲ್ಲಿ ಆರೇಳು ಮಂದಿ ವಾಪಸ್ ಬರ್ತಾರೆ. ಗೆಳೆಯರು ಹೇಳಿದ್ದು ಸುಳ್ಳಲ್ಲ, ಮೂರ್ನಾಲ್ಕು ಮಂದಿ ಹೋಗ್ತಾರೆ. ಆದರೆ ಹಿಂದೆ ಹತ್ತಕ್ಕೆ ಹತ್ತೂ ಎರಡು ಸಾವಿರದ ಹಾಗೆ ಕೊಟ್ಟು, ಅವರಲ್ಲೇ ಮೂರ್ನಾಲ್ಕು ಜನ ಮುಖ ಊದಿಸಿಕೊಂಡು ಪುಕ್ಕಟೆ ಟಚಪ್, ಅರ್ಧ ರೇಟಿನ ಕವರ್ ಅಪ್ (ಹಳೇದನ್ನ ಮುಚ್ಚೋ ಹೊಸ ಟ್ಯಾಟೂ) ಅಂತ ನನ್ನ ಭಾನುವಾರ ತಿಂತಿದ್ದರು. ಈಗ ಅದೇ ಅಳತೆಗೆ ಮೂರೂವರೆ ಸಾವಿರ ಅಂದರೂ ಚೌಕಾಸಿ ಇಲ್ಲ, ಯಾಕಂದರೆ ಅಷ್ಟೊತ್ತಿಗೆ ಡಿಸೈನ್ ಅವರದ್ದೇ ಆಗಿರುತ್ತೆ. ಮಣಿಕಟ್ಟಿನ ಕವರ್ ಅಪ್, ಅದೂ ನಾನೇ ಹಾಕಿದ್ದಕ್ಕೆ, ಕಳೆದ ವರ್ಷ ಒಂದೂ ಬರಲಿಲ್ಲ. ಲೇಸರ್‌ಗೆ ಹೋದರೆ ಒಂದು ಸಲಕ್ಕೆ ಮೂರು-ನಾಲ್ಕು ಸಾವಿರ ಅಂತಾರೆ, ಆರೇಳು ಸಲವಾದರೂ ಬೇಕು. ನಾನೂರು ದುಬಾರಿ ಅಂದವರಿಗೆ ಈ ಲೆಕ್ಕ ಹೇಳ್ತೀನಿ.

ಇಷ್ಟು ನಡೆಯಿತು ಅಂತ ಬೇರೆ ಜಾಗಕ್ಕೂ ಇದನ್ನೇ ಒಯ್ದೆ. ಕಿವಿ ಹಿಂದೆ ಜಾಗುವಾ ಸರಿಯಾಗಿ ಹಿಡಿಯೋದಿಲ್ಲ, ನಾಲ್ಕೈದು ದಿನದಲ್ಲೇ ಮಾಯ, ಅಲ್ಲಿ ಎರಡು ವಾರದ ಮಾತೇ ಇಲ್ಲ. ಬೆರಳಿಗೆ ಹಚ್ಚಿದರೆ ಗಾಢವಾಗಿ ಬರುತ್ತೆ, ಆದರೆ ನಿಜವಾದ ಶಾಯಿ ಬೆರಳಿನಲ್ಲಿ ನಿಲ್ಲೋದಿಲ್ಲವಾದ್ದರಿಂದ ಟ್ರಯಲ್ಲೇ ಸುಳ್ಳು ಆಸೆ ಹುಟ್ಟಿಸಿದ ಹಾಗಾಗುತ್ತೆ. ಕಾಲಿನ ಗೆಣ್ಣಿಗೆ ಈ ಬೇಸಿಗೆಯಿಂದ ಶುರು ಮಾಡಿದೀನಿ. ಸಾಕ್ಸ್ ಹಾಕೋರದ್ದು ಬೇರೆ, ಚಪ್ಪಲಿಯವರದ್ದು ಬೇರೆ ಲೆಕ್ಕ ಬರ್ತಿದೆ, ಕಾಲುಗೆಜ್ಜೆಯವರದ್ದು ಇನ್ನೂ ಬೇರೆ. ಅಲ್ಲಿಗೆ ರೇಟ್ ಇನ್ನೂ ಹೇಳ್ತಿಲ್ಲ, ಸದ್ಯಕ್ಕೆ ಗೊತ್ತಿರೋರ ಕಾಲಿಗೆ ಪುಕ್ಕಟೆ.