ಗ್ರೈಂಡರ್, ಕಾವಲಿ, ಅಪ್ಪೆಮಿಡಿ: ಲಿಂಕ್ ಹಂಚಿ ನಾನು ದುಡಿಯುವ ಬಗೆ

"ಅಕ್ಕಾ, ಈ ಗ್ರೈಂಡರ್ ನಮ್ಮ ಮನೆಯ ಇನ್ವರ್ಟರ್ ಮೇಲೆ ತಿರುಗುತ್ತದೆಯೇ?" "ಈ ಬೀಡಿನ ಕಾವಲಿ ಇಂಡಕ್ಷನ್ ಒಲೆಗೆ ಆಗುತ್ತದೆಯೇ?" "ಎರಡು ಲೀಟರ್ ಎಂದರೆ ಎಷ್ಟು ಲೋಟ ಅಕ್ಕಿ?" ನನ್ನ ಆನ್‌ಲೈನ್ ದುಡಿಮೆಯ ಬಹುಪಾಲು ಹುಟ್ಟಿದ್ದು ಇಂಥ ಪ್ರಶ್ನೆಗಳಿಂದ. ಶಿರಸಿ ಸೀಮೆಯ ಹಳ್ಳಿಯಲ್ಲಿದ್ದುಕೊಂಡು ಅಡುಗೆಮನೆಯ ಸಾಮಾನುಗಳ ಬಗ್ಗೆ ಕನ್ನಡದಲ್ಲಿ ವಿಡಿಯೋ ಮಾಡುತ್ತೇನೆ, ಅದರ ಕೆಳಗೆ ಅಫಿಲಿಯೇಟ್ ಲಿಂಕ್ ಇಡುತ್ತೇನೆ, ಅಂದರೆ ಅದನ್ನು ಒತ್ತಿ ಹೋಗಿ ಕೊಂಡರೆ ಅಂಗಡಿಯವರು ನನಗೆ ಕಮಿಷನ್ ಕೊಡುವ ಲಿಂಕ್. ಮಾವಿನ ಮಿಡಿಯ ಕಾಲ ಮುಗಿದ ಮೇಲೆ ವಾಟ್ಸ್‌ಆ್ಯಪ್ ಮೂಲಕ ಉಪ್ಪಿನಕಾಯಿಯನ್ನೂ ಮಾರುತ್ತೇನೆ. ಹೇಗೆ ಮಾಡುತ್ತೀರಿ ಎಂದು ಬಹಳ ಮಂದಿ ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲ ಪ್ರಶ್ನೆಯನ್ನೇ ನೋಡಿ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ತಂತಿ ಹರಿದರೆ ಕರೆಂಟ್ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ರಾತ್ರಿ ದೋಸೆಗೆ ಅಕ್ಕಿ ನೆನೆಹಾಕಿದವರಿಗೆ ಇನ್ವರ್ಟರ್ ಒಂದೇ ದಾರಿ. ಮಾರಾಟದ ಪುಟದಲ್ಲಿ 150 ವ್ಯಾಟ್ ಎಂದು ಬರೆದು ಸುಮ್ಮನಾಗಿರುತ್ತಾರೆ. ಮೇಜಿನ ಮೇಲಿಡುವ ಎರಡು ಲೀಟರಿನ ಗ್ರೈಂಡರ್‌ಗಳು ಸಾಮಾನ್ಯವಾಗಿ ಅಷ್ಟೇ ಶಕ್ತಿಯವು, ಮಿಕ್ಸಿಗಳು 500ರಿಂದ 750 ವ್ಯಾಟ್‌ನವು. ಆದರೆ ಯಾವ ಮೋಟಾರಾದರೂ ಶುರುವಾಗುವ ಕ್ಷಣದಲ್ಲಿ ತನ್ನ ಲೆಕ್ಕಕ್ಕಿಂತ ಹಲವು ಪಟ್ಟು ವಿದ್ಯುತ್ ಎಳೆಯುತ್ತದೆ. ಹಾಗಾಗಿ ಮನೆಯ ಸಾಧಾರಣ ಇನ್ವರ್ಟರ್ ಮೇಲೆ ಗ್ರೈಂಡರ್ ಹಾಯಾಗಿ ತಿರುಗಿದರೂ, 750 ವ್ಯಾಟ್ ಮಿಕ್ಸಿ ಹಾಕಿದೊಡನೆ ಇನ್ವರ್ಟರ್ ಕೂಗಿಕೊಂಡು ನಿಲ್ಲಬಹುದು. ಇನ್ವರ್ಟರ್ ಸೈನ್ ವೇವ್ ಬಗೆಯದೋ ಹಳೆಯ ಸ್ಕ್ವೇರ್ ವೇವ್ ಬಗೆಯದೋ ಎಂಬುದನ್ನೂ ನೋಡಬೇಕು. ಹಳೆಯದಾದರೆ ಮೋಟಾರ್ ಗುಂಯ್‌ಗುಟ್ಟುತ್ತದೆ, ಬೇಗ ಬಿಸಿಯಾಗುತ್ತದೆ. ಇಷ್ಟನ್ನು ನಮ್ಮ ಮನೆಯ ಇನ್ವರ್ಟರ್‌ಗೆ ಜೋಡಿಸಿ, ನೆನೆದ ಅಕ್ಕಿ ಹಾಕಿ, ತೋರಿಸಿ ಹೇಳಿದ ವಿಡಿಯೋ ಇಂದಿಗೂ ನನಗೆ ಹಣ ತರುತ್ತಿದೆ. ಅದನ್ನು ಹುಡುಕಿಕೊಂಡು ಬರುವವರು ಕೊಳ್ಳಬೇಕೆಂದು ಆಗಲೇ ನಿರ್ಧರಿಸಿರುತ್ತಾರೆ, ಒಂದು ಅನುಮಾನ ಮಾತ್ರ ಉಳಿದಿರುತ್ತದೆ.

ಕೆಲಸದ ಕಟ್ಟಳೆಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನಾನು ಮುಖ್ಯವಾಗಿ ಬಳಸುವುದು ಅಮೆಜಾನ್ ಅಸೋಸಿಯೇಟ್ಸ್ ಎಂಬ, ಅಮೆಜಾನ್‌ನವರದೇ ಕಮಿಷನ್ ಯೋಜನೆಯನ್ನು. ಸೇರಲು ಹಣ ಕೊಡಬೇಕಿಲ್ಲ. ಖಾತೆ ತೆರೆದು 180 ದಿನಗಳೊಳಗೆ ಮೂರು ಅರ್ಹ ಮಾರಾಟಗಳಾಗದಿದ್ದರೆ ಖಾತೆ ಮುಚ್ಚುತ್ತದೆ. ನಾನೇ ಕೊಂಡದ್ದಾಗಲಿ, ಮನೆಯವರಿಗಾಗಿ ಕೊಂಡದ್ದಾಗಲಿ ಲೆಕ್ಕಕ್ಕಿಲ್ಲ. ನನ್ನ ಲಿಂಕ್ ಒತ್ತಿದವರು 24 ಗಂಟೆಗಳೊಳಗೆ ಕೊಂಡರೆ ಕಮಿಷನ್ ಬರುತ್ತದೆ. ಆ ಅವಧಿಯಲ್ಲಿ ಬುಟ್ಟಿಗೆ ಹಾಕಿಟ್ಟ ಸಾಮಾನಿಗೆ ಇನ್ನೂ ಹೆಚ್ಚು ಗಡುವು ಸಿಗುತ್ತದೆ. ಗ್ರೈಂಡರ್ ನೋಡಲು ಹೋದವರು ಮಗುವಿಗೆ ಶಾಲೆಯ ಚೀಲ ಕೊಂಡರೂ ನನಗೆ ಒಂದಿಷ್ಟು ಸೇರುತ್ತದೆ. ಯಾವ ಸಾಮಾನು ಹೋಯಿತೆಂದು ವರದಿಯಲ್ಲಿ ಕಾಣುತ್ತದೆ, ಕೊಂಡವರು ಯಾರೆಂದು ಕಾಣುವುದಿಲ್ಲ. ಕಮಿಷನ್ ದರ ವಿಭಾಗದಿಂದ ವಿಭಾಗಕ್ಕೆ ಬದಲಾಗುತ್ತದೆ. ಮೊಬೈಲ್ ಫೋನಿಗೆ ತೀರಾ ಕಡಿಮೆ, ಅಡುಗೆಮನೆಯ ಸಾಮಾನಿಗೆ ಅದಕ್ಕಿಂತ ಮೇಲು. ಹೊಸಬರೆಲ್ಲ ಫೋನಿನ ವಿಡಿಯೋಗೆ ಮುಗಿಬೀಳುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಅಲ್ಲಿ ದೊಡ್ಡ ದೊಡ್ಡ ಚಾನೆಲ್‌ಗಳ ಪೈಪೋಟಿ ಇದೆ, ಗೆದ್ದರೂ ಕೈಗೆ ಬರುವುದು ಪುಡಿಕಾಸು.

ನಾನು ಬಳಸದ ವಸ್ತುವಿಗೆ ಲಿಂಕ್ ಇಡುವುದಿಲ್ಲ. ಎಲ್ಲವನ್ನೂ ಕೊಳ್ಳುವ ಶಕ್ತಿ ನನಗಿಲ್ಲ. ಆದ್ದರಿಂದ ನೆಂಟರ ಮನೆ, ಅಕ್ಕಪಕ್ಕದ ಮನೆಗಳಲ್ಲಿ ಯಾವ ಗ್ರೈಂಡರ್ ಇದೆ, ಯಾವ ಕುಕ್ಕರ್ ಇದೆ ಎಂದು ಕೇಳಿಕೊಂಡು ಅಲ್ಲಿಗೇ ಹೋಗಿ ಚಿತ್ರೀಕರಿಸುತ್ತೇನೆ. ಅದರಲ್ಲೊಂದು ದೊಡ್ಡ ಲಾಭವಿದೆ. ಹೊಚ್ಚ ಹೊಸ ಸಾಮಾನಿನ ಡಬ್ಬಿ ಬಿಚ್ಚುವುದನ್ನು ಯಾರು ಬೇಕಾದರೂ ತೋರಿಸಬಹುದು. ನಾಲ್ಕು ಮಳೆಗಾಲ ಕಂಡ ಗ್ರೈಂಡರ್ ಏನು ಹೇಳುತ್ತದೆ ಎಂಬುದು ಕೊಳ್ಳುವವರಿಗೆ ಬೇಕಾದ ಸಂಗತಿ. ಬೆಲ್ಟ್ ಸಡಿಲವಾಗಿದೆಯೇ, ಡ್ರಮ್ಮಿನ ಅಡಿಯಲ್ಲಿ ನೀರು ಇಳಿಯುತ್ತದೆಯೇ, ಬಿಡಿಭಾಗ ಶಿರಸಿಯಲ್ಲೇ ಸಿಕ್ಕಿತೇ, ಹುಬ್ಬಳ್ಳಿಯಿಂದ ತರಿಸಬೇಕಾಯಿತೇ.

ಗ್ರೈಂಡರ್ ಎಂದೊಡನೆ ನಾನು ಮೊದಲು ನೋಡುವುದು ತೊಳೆಯುವ ಕಷ್ಟವನ್ನು. ರುಬ್ಬುವುದು ಯಂತ್ರದ ಪಾಡು, ಕಲ್ಲೆತ್ತುವುದು ಮನುಷ್ಯರ ಪಾಡು. ನಮ್ಮ ಅತ್ತೆಗೆ ಮಂಡಿನೋವು, ಬೆರಳುಗಳಲ್ಲೂ ಬಿಗಿತ. ಅವರ ಕೈಗೇ ಕೊಡುತ್ತೇನೆ. ಹಿಟ್ಟು ಮೆತ್ತಿದ ಜಾರುವ ಕಲ್ಲುಗಳನ್ನು ಅವರು ಎತ್ತಬಲ್ಲರೇ, ಹಿಟ್ಟು ತುಂಬಿದ ಡ್ರಮ್ಮನ್ನು ಪಾತ್ರೆಗೆ ಬಗ್ಗಿಸಬಲ್ಲರೇ ಎಂದು ನೋಡುತ್ತೇನೆ. ಒಂದು ಯಂತ್ರವನ್ನು ಅವರು ಅರ್ಧಕ್ಕೇ ಬಿಟ್ಟು, "ಇದು ನನ್ನಿಂದಾಗದು ಮಾರಾಯ್ತಿ, ಸೊಸೆಯಂದಿರಿರುವ ಮನೆಗಾದರೆ ಸರಿ" ಎಂದರು. ಆ ಮಾತನ್ನು ವಿಡಿಯೋದಲ್ಲಿ ಹಾಗೆಯೇ ಉಳಿಸಿದೆ. ಕೆಳಗೆ ಬಂದ ಪ್ರತಿಕ್ರಿಯೆಗಳಲ್ಲಿ ಬಹಳಷ್ಟು ವಯಸ್ಸಾದ ಹೆಂಗಸರವು, ಇಲ್ಲವೇ ಊರಲ್ಲಿರುವ ಅಮ್ಮನಿಗೆ ಬೆಂಗಳೂರಿನಿಂದ ಗ್ರೈಂಡರ್ ಕಳುಹಿಸಲು ಹೊರಟ ಮಕ್ಕಳವು. ಅವರೆಲ್ಲ ಬಗ್ಗಿಸಬಹುದಾದ ಮಾದರಿಯ ಲಿಂಕ್ ಕೇಳಿ ಕೊಂಡರು.

ಎರಡು ಲೀಟರ್ ಎಂಬುದು ಹಿಟ್ಟಿನ ಒಟ್ಟು ಅಳತೆ, ಅಕ್ಕಿಯದಲ್ಲ. ಇದನ್ನು ಹೇಳದಿದ್ದರೆ ಜನ ಎರಡು ಲೀಟರ್ ಅಕ್ಕಿ ನೆನೆಹಾಕಿ ಕುಳಿತುಬಿಡುತ್ತಾರೆ. ಮಿಕ್ಸಿಯದು ಇನ್ನೊಂದು ಕಥೆ. ಉದ್ದು ಗಟ್ಟಿಯಾಗಿ ರುಬ್ಬುವಾಗ ಮಿಕ್ಸಿ ಥಟ್ಟನೆ ನಿಂತರೆ ಸುಟ್ಟುಹೋಯಿತೆಂದು ವಾಪಸು ಕಳುಹಿಸುವವರಿದ್ದಾರೆ. ಬಹಳಷ್ಟು ಮಿಕ್ಸಿಗಳ ತಳದಲ್ಲಿ ಒಂದು ಸಣ್ಣ ಗುಂಡಿ, ಹೆಚ್ಚಾಗಿ ಕೆಂಪು ಬಣ್ಣದ್ದು, ಇರುತ್ತದೆ. ಹೊರೆ ಹೆಚ್ಚಾದಾಗ ಮೋಟಾರನ್ನು ಕಾಪಾಡಲು ಅದು ಹೊರಕ್ಕೆ ಜಿಗಿಯುತ್ತದೆ. ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಆರಲು ಬಿಟ್ಟು, ಜಾರಿನಿಂದ ಒಂದಿಷ್ಟು ತೆಗೆದು, ಆ ಗುಂಡಿಯನ್ನು ಒಳಕ್ಕೆ ಒತ್ತಿದರೆ ಮತ್ತೆ ತಿರುಗುತ್ತದೆ. ಮಿಕ್ಸಿಯನ್ನು ಮಗುಚಿ ಆ ಗುಂಡಿಯನ್ನು ಹತ್ತಿರದಿಂದ ತೋರಿಸಿದ ಒಂದು ನಿಮಿಷದ ತುಣುಕಿನಲ್ಲಿ ನಾನು ಮಾರಿದ್ದು ಏನೂ ಇಲ್ಲ. ಆದರೆ ಅದನ್ನು ನೋಡಿ ನನ್ನ ಚಾನೆಲ್ಲಿಗೆ ಬಂದವರು ಮುಂದೆ ಕುಕ್ಕರ್ ಕೊಳ್ಳುವಾಗ ನನ್ನನ್ನೇ ಕೇಳಿದರು.

ಕುಕ್ಕರ್ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಮನೆಬಳಕೆಯ ಪ್ರೆಷರ್ ಕುಕ್ಕರ್‌ಗೆ ಐಎಸ್‌ಐ ಗುರುತು ಕಡ್ಡಾಯ, ಮಾನಕದ ಸಂಖ್ಯೆ ಐಎಸ್ 2347. ಗುರುತಿನ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ಸರ್ಕಾರಿ ಮಾನಕ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ, ಹೊಂದಿದರೆ ಮಾತ್ರ ಲಿಂಕ್ ಇಡುತ್ತೇನೆ. ನನ್ನ ಮಾತು ನಂಬಿ ತಂದ ಕುಕ್ಕರ್ ಯಾರದೋ ಮನೆಯ ಒಲೆಯ ಮೇಲೆ ಕೂರುತ್ತದೆ, ಅದರ ಪಕ್ಕದಲ್ಲಿ ಮಕ್ಕಳು ಓಡಾಡುತ್ತವೆ. ಕಾವಲಿಗೆ ಪರೀಕ್ಷೆ ಸುಲಭ: ತಳಕ್ಕೆ ಅಯಸ್ಕಾಂತ ಕಚ್ಚಿಕೊಂಡರೆ ಇಂಡಕ್ಷನ್ ಒಲೆಗೆ ಆಗುತ್ತದೆ. ಬೀಡಿನ ಕಾವಲಿ ಆಗುತ್ತದೆ, ಬರಿಯ ಅಲ್ಯುಮಿನಿಯಂ ಕಾವಲಿ ಆಗುವುದಿಲ್ಲ.

ಯಾರು ಕೊಳ್ಳಬಾರದು ಎಂದು ಹೇಳುವುದನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ನಂಬಿದ್ದೇನೆ. ಇದರಲ್ಲಿ ಲೆಕ್ಕಾಚಾರವೂ ಇದೆ. ಕೊಂಡವರು ವಸ್ತುವನ್ನು ಹಿಂತಿರುಗಿಸಿದರೆ ಅದರ ಕಮಿಷನ್ ರದ್ದಾಗುತ್ತದೆ. ಒಬ್ಬರೇ ಇರುವವರಿಗೆ ಗ್ರೈಂಡರ್ ಬೇಡ, ಮಿಕ್ಸಿಯೇ ಸಾಕು. ದಿನವೂ ಒರೆಸಿ ಎಣ್ಣೆ ಸವರುವ ವ್ಯವಧಾನವಿಲ್ಲದವರಿಗೆ ಬೀಡಿನ ಕಾವಲಿ ಬೇಡ, ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಹೀಗೆ ಹೇಳಿದ ಮೇಲೂ ಕೊಂಡವರು ವಾಪಸು ಮಾಡುವುದು ಅಪರೂಪ.

ಲಿಂಕ್ ಎಲ್ಲಿ ಇಡಬೇಕು ಎಂಬುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಯೂಟ್ಯೂಬಿನ ಉದ್ದನೆಯ ವಿಡಿಯೋ ಆದರೆ ವಿವರಣೆಯ ಮೊದಲ ಎರಡು ಸಾಲಿನೊಳಗೆ, ಮತ್ತೆ ಪಿನ್ ಮಾಡಿದ ಕಮೆಂಟಿನಲ್ಲಿ. ಶಾರ್ಟ್ಸ್‌ನ ವಿವರಣೆ ಮತ್ತು ಕಮೆಂಟುಗಳಲ್ಲಿ ಹಾಕಿದ ಲಿಂಕ್‌ಗಳು 2023ರ ಆಗಸ್ಟ್ ಕೊನೆಯಿಂದ ಒತ್ತಿದರೆ ತೆರೆಯುವುದಿಲ್ಲ. ಆದ್ದರಿಂದ ಶಾರ್ಟ್ಸ್‌ನಿಂದ ಉದ್ದನೆಯ ವಿಡಿಯೋಗೆ ದಾರಿ ಮಾಡಿಕೊಡುತ್ತೇನೆ. ಇನ್‌ಸ್ಟಾಗ್ರಾಮಿನಲ್ಲಿ ಪರಿಚಯದ ಜಾಗದಲ್ಲಿ ಮತ್ತು ಸ್ಟೋರಿಯ ಲಿಂಕ್ ಸ್ಟಿಕ್ಕರಿನಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ. ಬೆಲೆಯನ್ನು ವಿಡಿಯೋದಲ್ಲಿ ಹೇಳುವುದಿಲ್ಲ, ಅದು ದಿನಕ್ಕೊಂದಿರುತ್ತದೆ. ವಾಟ್ಸ್‌ಆ್ಯಪ್ ಗುಂಪುಗಳಿಗೆ ಅಫಿಲಿಯೇಟ್ ಲಿಂಕ್ ಎಸೆಯುವುದೂ ಇಲ್ಲ. ನೆಂಟರಿಷ್ಟರ ಗುಂಪಿನಲ್ಲಿ ಬೆಳಗಾಗೆದ್ದು ಲಿಂಕ್ ಹಾಕುವವರನ್ನು ಜನ ಮ್ಯೂಟ್ ಮಾಡುತ್ತಾರೆ, ಮುಖಕ್ಕೆ ಹೇಳುವುದಿಲ್ಲ ಅಷ್ಟೇ.

ಕಮಿಷನ್ ಬರುತ್ತದೆ ಎಂಬುದನ್ನು ವಿಡಿಯೋದ ಆರಂಭದಲ್ಲೇ ಬಾಯಿಬಿಟ್ಟು ಹೇಳುತ್ತೇನೆ: "ಕೆಳಗಿನ ಲಿಂಕ್‌ನಿಂದ ಕೊಂಡರೆ ನನಗೆ ಒಂದು ಪಾಲು ಸಿಗುತ್ತದೆ, ನಿಮಗೆ ಬೆಲೆ ಹೆಚ್ಚಾಗುವುದಿಲ್ಲ." ಇದು ಕಾನೂನಿನ ಅಗತ್ಯವೂ ಹೌದು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಸಾಮಾಜಿಕ ಜಾಲತಾಣದ ಪ್ರಚಾರಕರಿಗೆಂದೇ ಮಾರ್ಗಸೂಚಿ ಹೊರಡಿಸಿದೆ. ಲಾಭದ ಸಂಬಂಧವನ್ನು ಎದ್ದು ಕಾಣುವಂತೆ, ಅದೇ ಭಾಷೆಯಲ್ಲಿ ತಿಳಿಸಬೇಕು. ದಾರಿತಪ್ಪಿಸುವ ಪ್ರಚಾರಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಹೇಳಿದ್ದರಿಂದ ನನಗೆ ನಷ್ಟವೇನೂ ಆಗಿಲ್ಲ. "ಅಕ್ಕಾ, ಯಾವ ಲಿಂಕ್ ಒತ್ತಿದರೆ ನಿಮಗೆ ಸಿಗುತ್ತದೆ?" ಎಂದು ಕೇಳಿ ಕೊಂಡವರಿದ್ದಾರೆ.

ಹಣದ ವಿಷಯದಲ್ಲಿ ಆತುರ ನಡೆಯುವುದಿಲ್ಲ. ಒಂದು ತಿಂಗಳ ಗಳಿಕೆ ಕೈಸೇರಲು ಆ ತಿಂಗಳು ಮುಗಿದು ಸುಮಾರು ಎರಡು ತಿಂಗಳಾಗುತ್ತದೆ. ದಸರಾ, ದೀಪಾವಳಿಯ ರಿಯಾಯಿತಿ ಮಾರಾಟದಲ್ಲಿ ಬಂದದ್ದು ವರ್ಷದ ತುದಿಗೆ ಸಿಗುತ್ತದೆ. ಅದಕ್ಕೆ ತಕ್ಕ ವಿಡಿಯೋಗಳನ್ನು ನಾನು ಶ್ರಾವಣದಲ್ಲೇ ಹಾಕಿರುತ್ತೇನೆ. ಕಮಿಷನ್‌ನಿಂದ ಮೂಲದಲ್ಲೇ ತೆರಿಗೆ ಕಡಿತವಾದರೆ ಅದು ನಮ್ಮ ಪ್ಯಾನ್ ಸಂಖ್ಯೆಯ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಆದಾಯವು ತೆರಿಗೆಯ ಮಿತಿಯೊಳಗಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ವಾಪಸು ಪಡೆಯಬಹುದು. ನಮ್ಮ ಹೆಣ್ಣುಮಕ್ಕಳು ಹೆಚ್ಚಾಗಿ ಅದನ್ನು ಬಿಟ್ಟೇಬಿಡುತ್ತಾರೆ.

ಇನ್ನು ಉಪ್ಪಿನಕಾಯಿ. ಅಪ್ಪೆಮಿಡಿ ಎಂಬ ಪರಿಮಳದ ಮಾವಿನ ಮಿಡಿ ನಮ್ಮ ಸೀಮೆಯ ಹೊಳೆದಂಡೆಯ ಕಾಡುಮರಗಳ ಬೆಳೆ, ಭೌಗೋಳಿಕ ಸೂಚಕ ಮಾನ್ಯತೆ ಪಡೆದದ್ದು. ತೊಟ್ಟಿನ ಸಮೇತ ಕೊಯ್ದ ಮಿಡಿಯೇ ಬೇಕು. ನೆಲಕ್ಕೆ ಬಿದ್ದು ಪೆಟ್ಟಾದ ಒಂದು ಮಿಡಿ ಇಡೀ ಭರಣಿಯನ್ನು ಕೆಡಿಸಬಲ್ಲದು. ಸೊನೆಯ ಪರಿಮಳ ಗೊತ್ತಿರುವವರು ಬೆಂಗಳೂರಿನಲ್ಲಿ, ಪುಣೆಯಲ್ಲಿ, ಮುಂಬೈಯಲ್ಲಿ ಕಾದುಕುಳಿತಿರುತ್ತಾರೆ. ಸಣ್ಣ ಪ್ರಮಾಣದ ಆಹಾರ ತಯಾರಿಕೆಗೂ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ನಾನು ಮಾಡಿಸಿದಾಗ ವಾರ್ಷಿಕ ವಹಿವಾಟು 12 ಲಕ್ಷ ರೂಪಾಯಿಯೊಳಗಿನವರಿಗೆ ವರ್ಷಕ್ಕೆ 100 ರೂಪಾಯಿ ಶುಲ್ಕವಿತ್ತು. ಆ 14 ಅಂಕಿಯ ಸಂಖ್ಯೆಯನ್ನು ಚೀಟಿಯ ಮೇಲೆ ಅಚ್ಚು ಹಾಕಿಸಿದ್ದೇನೆ. ಹೊರರಾಜ್ಯಕ್ಕೆ ಮಾರುವಾಗ ಜಿಎಸ್‌ಟಿ ನಿಯಮ ಬೇರೆ ಇರುವುದರಿಂದ ಶುರುಮಾಡುವ ಮೊದಲೇ ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳುವುದು ಒಳ್ಳೆಯದು.

ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗಿನಲ್ಲಿ ತೂಕ, ಬೆಲೆ, ಅಂಚೆ ವೆಚ್ಚ ಮೂರನ್ನೂ ಬರೆದಿಡುತ್ತೇನೆ. ಬ್ರಾಡ್‌ಕಾಸ್ಟ್ ಸಂದೇಶ, ಅಂದರೆ ಒಮ್ಮೆಗೇ ಹಲವರಿಗೆ ಕಳುಹಿಸುವ ಸಂದೇಶ, ತಲುಪುವುದು ನಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ. ಆದ್ದರಿಂದ ಪ್ರತಿ ಪಾರ್ಸೆಲ್ಲಿನಲ್ಲೂ "ಈ ಸಂಖ್ಯೆಯನ್ನು ಉಳಿಸಿಕೊಳ್ಳಿ" ಎಂಬ ಚೀಟಿ ಇಡುತ್ತೇನೆ. ಹಣ ಬಂತೆಂದು ಯಾರಾದರೂ ಸ್ಕ್ರೀನ್‌ಶಾಟ್ ಕಳುಹಿಸಿದರೆ ಅದನ್ನು ನೋಡುವುದೇ ಇಲ್ಲ, ಬ್ಯಾಂಕ್ ಖಾತೆ ನೋಡುತ್ತೇನೆ. ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ. ಒತ್ತಿ ಎನ್ನುವವರು ಮೋಸಗಾರರು. ಪಾರ್ಸೆಲ್ ಕಟ್ಟುವಾಗ ಮುಚ್ಚಳಕ್ಕೆ ಸುತ್ತಲೂ ಟೇಪು, ಜಾಡಿಗೆ ಎರಡು ಪದರ ಪ್ಲಾಸ್ಟಿಕ್ ಚೀಲ, ಸುತ್ತ ಹಳೆಯ ಪತ್ರಿಕೆ. ಒಂದು ರಾತ್ರಿ ತಲೆಕೆಳಗಾಗಿ ಇಟ್ಟು, ರಸ ಜಿನುಗದಿದ್ದರೆ ಮಾತ್ರ ಬೆಳಗ್ಗೆ ಅಂಚೆ ಕಚೇರಿಗೆ.

ನನಗೆ ಕೋಪ ಬರುವ ಒಂದು ವಿಷಯವಿದೆ. ಆನ್‌ಲೈನಿನಲ್ಲಿ ದುಡಿಯುವುದನ್ನು ಕಲಿಸುತ್ತೇವೆಂದು ಸಾವಿರಾರು ರೂಪಾಯಿ ಸೇರ್ಪಡೆ ಶುಲ್ಕ ಕೀಳುವ ಗುಂಪುಗಳು ಹಳ್ಳಿಹಳ್ಳಿಗೂ ಬಂದಿವೆ. ಒಳಗೆ ಹೋದರೆ ಮಾರಲು ಇರುವುದು ಅದೇ ಕೋರ್ಸ್. ಇನ್ನೊಬ್ಬರನ್ನು ಸೇರಿಸಿದರೆ ಮಾತ್ರ ಹಣ. ಜನರನ್ನು ಸೇರಿಸುವುದರಿಂದಲೇ ಹಣ ಹುಟ್ಟಿಸುವ ಸರಪಳಿ ಯೋಜನೆಗಳನ್ನು 1978ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ, ನೇರ ಮಾರಾಟದ 2021ರ ನಿಯಮಗಳೂ ಪಿರಮಿಡ್ ಯೋಜನೆಗಳಿಗೆ ಅವಕಾಶ ಕೊಡುವುದಿಲ್ಲ. ನನಗೆ ಫೋನ್ ಮಾಡಿ ಅತ್ತವರಲ್ಲಿ ಕಾಲೇಜು ಮುಗಿಸಿದ ಹುಡುಗಿಯರೇ ಹೆಚ್ಚು. ಗೆಳತಿಯರನ್ನು ಸೇರಿಸಿಬಿಟ್ಟಿದ್ದೇವೆ, ಈಗ ಮುಖ ತೋರಿಸುವುದು ಹೇಗೆ ಎನ್ನುತ್ತಾರೆ.

ಅವರಲ್ಲಿ ಒಬ್ಬಳಿಗೆ ಹೊಲಿಗೆ ಚೆನ್ನಾಗಿ ಗೊತ್ತಿತ್ತು. ಜನ ನಿನ್ನನ್ನು ಏನೇನು ಕೇಳುತ್ತಾರೆ, ಬರೆದುಕೋ ಎಂದೆ. ದಾರ ಕೆಳಗಡೆ ಯಾಕೆ ಗಂಟಾಗುತ್ತದೆ, ಬಾಬಿನ್ ಕೇಸಿನ ತಿರುಪನ್ನು ಯಾವ ಕಡೆಗೆ ತಿರುಗಿಸಬೇಕು, ತೆಳು ಬಟ್ಟೆಗೆ ಯಾವ ಸಂಖ್ಯೆಯ ಸೂಜಿ: ಪುಟ ತುಂಬಿತು. ತೆಳು ಬಟ್ಟೆಗೆ 11, ಸಾಧಾರಣ ಹತ್ತಿ ಬಟ್ಟೆಗೆ 14, ದಪ್ಪ ಬಟ್ಟೆಗೆ 16 ಎಂದು ಸೂಜಿಗಳನ್ನು ಅಂಗೈಯಲ್ಲಿಟ್ಟು ತೋರಿಸಿದ್ದು ಅವಳ ಮೊದಲ ವಿಡಿಯೋ. ಗಳಿಕೆ ಸೂಜಿಯ ಪೊಟ್ಟಣಗಳಿಂದ ಶುರುವಾಗಿದೆ, ಇನ್ನೂ ಚಿಕ್ಕದೇ. ಈಗ ಅವಳನ್ನು ಎಲ್ಲರೂ ಕೇಳುತ್ತಿರುವುದು ಕಾಲಿನಿಂದ ತುಳಿಯುವ ಹಳೆಯ ಯಂತ್ರಕ್ಕೆ ಕೂಡಿಸುವ ಮೋಟಾರಿನ ಬಗ್ಗೆ. ಅವರ ಮನೆಯಲ್ಲಿ ಅಜ್ಜಿಯ ಯಂತ್ರವೊಂದಿದೆ. ಅದಕ್ಕೆ ಮೋಟಾರ್ ಜೋಡಿಸಿ ಒಂದು ಹಬ್ಬದ ಹೊಲಿಗೆಯನ್ನಾದರೂ ಮುಗಿಸುವ ತನಕ ಲಿಂಕ್ ಹಾಕುವುದಿಲ್ಲ ಎಂದಿದ್ದಾಳೆ.