ಲಗ್ನಪತ್ರಿಕೆ ಅಚ್ಚಿಗೆ ಇಂಕ್ ಆರಿಸುವುದು ಹೇಗೆ?

ಇಂಕಿನ ಡಬ್ಬಿ ಬಿಚ್ಚುವ ಮೊದಲು ಕಾರ್ಡನ್ನು ಬೆರಳಿಂದ ಉಜ್ಜಿ ನೋಡಿ. ನುಣುಪಾಗಿ ಹೊಳೆಯುತ್ತಿದ್ದರೆ ಎಣ್ಣೆ ಇಂಕೇ ಬೇಕು. ಅದರಲ್ಲಿನ ಅಗಸಿ ಎಣ್ಣೆ ಗಾಳಿ ತಾಗಿ ಗಟ್ಟಿಯಾಗುತ್ತದೆ, ಕಾಗದ ಹೀರದಿದ್ದರೂ ನಡೆಯುತ್ತದೆ. ರಬ್ಬರ್ ಇಂಕ್ ಮುಖ್ಯವಾಗಿ ಕಾಗದದೊಳಗೆ ಇಂಗಿ ಒಣಗುವಂಥದ್ದು. ಬಿಲ್ ಬುಕ್, ಒರಟು ಕಾಗದಕ್ಕೆ ಅದೇ ಅನುಕೂಲ. ಊಟಕ್ಕೆ ಹೋಗಿ ಬಂದರೂ ಟ್ರೆಡಲ್ ಅಚ್ಚುಯಂತ್ರದ ಡಿಸ್ಕಿನ (ಇಂಕ್ ಹರಡುವ ದುಂಡು ತಟ್ಟೆಯ) ಮೇಲೆ ಹಸಿಯಾಗಿಯೇ ಇರುತ್ತದೆ. ಹೊಳಪಿನ ಕಾರ್ಡಿಗೆ ಹಾಕಿದಿರೋ, ದಿನಗಟ್ಟಲೆ ಕೈಗೆ ಹತ್ತುತ್ತದೆ.

ಇನ್ನು ಬಣ್ಣ. ಅಚ್ಚಿನ ಇಂಕ್ ಅರೆಪಾರದರ್ಶಕ, ಕೆಳಗಿನ ಕಾಗದದ ಬಣ್ಣ ಅದರೊಳಗಿಂದ ಇಣುಕುತ್ತದೆ. ಹಳದಿ ಕಾರ್ಡಿನ ಮೇಲೆ ನೀಲಿ ಹಸಿರಿಗೆ ತಿರುಗುತ್ತದೆ, ಗುಲಾಬಿ ಕೇಸರಿಯಾಗುತ್ತದೆ. ಕುಂಕುಮಗೆಂಪು, ಮರೂನ್ ಆದರೆ ಹೆಚ್ಚು ಬದಲಾಗುವುದಿಲ್ಲ. ಮರೂನ್ ಕಾರ್ಡಿನ ಮೇಲೆ ಬಿಳಿ ಅಕ್ಷರ ಕೇಳುವ ಗಿರಾಕಿಗೆ ಮೊದಲೇ ಹೇಳಿಬಿಡಿ: ಒಂದೇ ಒತ್ತಿಗೆ ಬಿಳಿ ಮಂಕಾಗಿ ಬರುತ್ತದೆ. ಬಂಗಾರ ಅಥವಾ ಬೆಳ್ಳಿ ಇಂಕೇ ವಾಸಿ.

ಬೆರೆಸುವಾಗ ತಿಳಿ ಬಣ್ಣಕ್ಕೆ ಗಾಢ ಬಣ್ಣ ಸೇರಿಸಿ, ತಿರುಗಾಮುರುಗಾ ಬೇಡ. ಮರೂನಿಗೆ ಕೆಂಪು 45 ಗ್ರಾಂ, ನೀಲಿ 3, ಕಪ್ಪು 2 ಎಂದು ಶುರುಮಾಡಿ. ಕಂಪನಿ ಬದಲಾದರೆ ಅಳತೆಯೂ ತುಸು ಬದಲಾಗುತ್ತದೆ. 500 ಕಾರ್ಡಿಗೆ ಈ 50 ಗ್ರಾಂ ಸಾಕಾಗಿ ಉಳಿಯುತ್ತದೆ. ಕಲಬುರಗಿಯ ಬಂದೇ ನವಾಜ್ ಉರುಸಿನ ಹಸಿರು ಹ್ಯಾಂಡ್‌ಬಿಲ್ಲಿಗಾದರೆ 40 ಗ್ರಾಂ ಹಳದಿಗೆ ನೀಲಿಯನ್ನು ಒಂದೊಂದೇ ಗ್ರಾಂ ಹಾಕುತ್ತ ಹೋಗಿ. ಗಾಜಿನ ಹಲಗೆಯ ಮೇಲಿನ ಗುಡ್ಡೆ ನೋಡಿ ತೀರ್ಮಾನಿಸಬೇಡಿ, ಅದು ಯಾವಾಗಲೂ ಗಾಢವಾಗಿಯೇ ಕಾಣುತ್ತದೆ. ಅದೇ ಕಾರ್ಡಿನ ಚೂರಿನ ಮೇಲೆ ಬೆರಳಿಂದ ತಟ್ಟಿ ತಟ್ಟಿ ತೆಳುವಾಗಿ ಹರಡಿ, ಬಿಸಿಲಿಗೆ ಹಿಡಿದು ನೋಡಿ.

ಡಿಸ್ಕಿಗೆ ಹಾಕುವಾಗಲೇ ಬಹಳ ಜನ ಎಡವುವುದು. ತೊಗರಿಕಾಳಿನಷ್ಟು ಇಂಕನ್ನು ನಾಲ್ಕೈದು ಕಡೆ ಚುಕ್ಕೆಯಿಟ್ಟು, ರೋಲರ್ ಓಡಿಸಿ, ಸಾಲದಿದ್ದರೆ ಮಾತ್ರ ಮತ್ತೆ ಹಾಕಿ. ಹೆಚ್ಚಾದ ಇಂಕ್ ಮೊದಲು ಕೆಡಿಸುವುದು ಕನ್ನಡದ ಒತ್ತಕ್ಷರ, ಮಹಾಪ್ರಾಣಗಳನ್ನೇ. ಸಣ್ಣ ಮೊಳೆಯಲ್ಲಿ (ಸೀಸದ ಅಚ್ಚಕ್ಷರದಲ್ಲಿ) ‘ಧ’ದ ಕೆಳಗಿನ ಸೀಳು ಮುಚ್ಚಿ ‘ದ’ ಆಗುತ್ತದೆ. ವಧು ಹೋಗಿ ‘ವದು’ ಬಂದರೆ ಬೀಗರು ಬಿಟ್ಟಾರೆಯೇ! ಅಕ್ಷರದ ಅಂಚಿಗೆ ದಪ್ಪ ಗೆರೆ ಕಂಡರೆ ರೋಲರ್ ತೀರ ಕೆಳಗಿದೆ ಎಂದೂ ಅನುಮಾನಿಸಿ.

ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ಕಡೆ ಬಿಸಿಲು 40 ಡಿಗ್ರಿ ದಾಟಿದಾಗ ಇಂಕ್ ಸಡಿಲಾಗುತ್ತದೆ. ನೂರು ಗ್ರಾಂಗೆ 2 ಗ್ರಾಂ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ ಕಲಸಿದರೆ ಬಿಗಿಯಾಗುತ್ತದೆ. ಅಂಟು-ಬೆಲ್ಲ ಕಾಯಿಸಿ ಎರಕ ಹೊಯ್ದ ಹಳೆಯ ರೋಲರ್ ಇದ್ದರೆ ಕೆಲಸ ಬೆಳಿಗ್ಗೆಯೇ ಮುಗಿಸಿ. ಮಧ್ಯಾಹ್ನದ ಕಾವಿಗೆ ಅದು ಮೆತ್ತಗಾಗುತ್ತದೆ. ಬೀದರಿನ ಡಿಸೆಂಬರ್ ಚಳಿಯಲ್ಲಿ ಕಥೆ ಉಲ್ಟಾ. ಇಂಕ್ ಬಿಗಿಯಾಗಿ ತೆಳು ಕಾಗದದ ಮೇಲ್ಪದರ ಕಿತ್ತು ಬರುತ್ತದೆ. ಕುದಿಸಿದ ಅಗಸಿ ಎಣ್ಣೆಯ ವಾರ್ನಿಷ್ ಎರಡು ಹನಿ ಸಾಕು. ಗಾಣದ ಹಸಿ ಎಣ್ಣೆ ಬೇಡ, ಅದು ಬೇಗ ಒಣಗುವುದಿಲ್ಲ. ವಾರ್ನಿಷ್ಷೂ ಹೆಚ್ಚಾದರೆ ಅಕ್ಷರದ ಸುತ್ತ ಎಣ್ಣೆಯ ಉಂಗುರ ಮೂಡುತ್ತದೆ.

ಎರಡು ಬಣ್ಣವಿದ್ದರೆ ತಿಳಿ ಬಣ್ಣ ಮೊದಲು. ನಡುವೆ ಡಿಸ್ಕ್, ರೋಲರುಗಳನ್ನು ಸೀಮೆಎಣ್ಣೆಯಲ್ಲಿ ಎರಡು ಸಲ ಒರೆಸಿ. ಅಚ್ಚಾದ ಕಾರ್ಡುಗಳನ್ನು ಇಪ್ಪತ್ತೈದರ ಮೇಲೆ ಪೇರಿಸಬೇಡಿ, ಹಸಿ ಇಂಕ್ ಮೇಲಿನ ಕಾರ್ಡಿನ ಬೆನ್ನಿಗೆ ಹತ್ತುತ್ತದೆ. ಒಂದು ಕಾರ್ಡಿನ ಹಿಂದೆ ಬೆರಕೆಯ ಅಳತೆ ಬರೆದು ತೆಗೆದಿಡಿ, ಗಿರಾಕಿ ಇನ್ನೂ ನೂರು ಬೇಕೆಂದು ಬಂದೇ ಬರುತ್ತಾರೆ.