ನಿಂತ ಕಾಲಿನ ಹಿಮ್ಮಡಿ: ಮವಾಶಿ ಗೇರಿ ಕಲಿತ ನನ್ನ ಅನುಭವ

ಶಿವಮೊಗ್ಗದ ವಿನೋಬನಗರದಲ್ಲಿ ವಾರಕ್ಕೆ ಮೂರು ದಿನ ಬೆಳಿಗ್ಗೆ ಆರು ಗಂಟೆಗೆ ನಡೆಯುವ ಕರಾಟೆ ತರಗತಿಗೆ ಸೇರಿದಾಗ ನನಗೆ 37 ವರ್ಷ. ಜೊತೆಯಲ್ಲಿದ್ದವರಲ್ಲಿ ಹೆಚ್ಚಿನವರು ಹೈಸ್ಕೂಲು ಮಕ್ಕಳು. ಕಲಿಸುವ ಮಾಸ್ಟರ್ ಕೂಡ ನನಗಿಂತ ಒಂಬತ್ತು ವರ್ಷ ಚಿಕ್ಕವರಾದ್ದರಿಂದ ಅವರು ನನ್ನನ್ನು ‘ಸಾರ್’ ಎಂದೂ ನಾನು ಅವರನ್ನು ‘ಮಾಸ್ಟ್ರೇ’ ಎಂದೂ ಕರೆದು ಇಬ್ಬರೂ ಮುಜುಗರದಿಂದ ಪಾರಾಗಿದ್ದೆವು. ನಮ್ಮದು ಶೋಟೋಕಾನ್ ಶೈಲಿ. ನಿಲುವು, ಗುದ್ದು, ತಡೆ, ನೇರವಾಗಿ ಮುಂದಕ್ಕೆ ಒದೆಯುವ ಮಾಯೆ ಗೇರಿ ಇವೆಲ್ಲ ತಾಳ್ಮೆಯಿದ್ದರೆ ಯಾವ ವಯಸ್ಸಿನಲ್ಲಾದರೂ ಬರುವಂಥವು. ನನ್ನನ್ನು ಎರಡು ವರ್ಷ ಸತಾಯಿಸಿದ್ದು ಮವಾಶಿ ಗೇರಿ, ಅಂದರೆ ಮಂಡಿಯನ್ನು ಮಡಚಿ ಪಕ್ಕಕ್ಕೆ ಎತ್ತಿ, ಕಾಲನ್ನು ಕಮಾನಿನಂತೆ ಬೀಸಿ, ಎದುರಾಳಿಯ ಪಕ್ಕೆಗೋ ಕೆನ್ನೆಗೋ ಹೊಡೆಯುವ ಒದೆತ.

ಕತಾ ಎಂದರೆ ಎದುರಾಳಿಯಿಲ್ಲದೆ ಒಬ್ಬರೇ ಮಾಡುವ, ಕ್ರಮ ಗೊತ್ತುಮಾಡಿದ ಚಲನೆಗಳ ಸರಣಿ; ಆರಂಭದಲ್ಲಿ ಕಲಿಯುವ ಹೇಯಾನ್ ಎಂಬ ಐದು ಕತಾಗಳಲ್ಲಿ ಈ ಒದೆತ ಒಮ್ಮೆಯೂ ಬರುವುದಿಲ್ಲ. ಹೀಗಾಗಿ ಕತಾವನ್ನು ಅಚ್ಚುಕಟ್ಟಾಗಿ ಮಾಡುವವರೂ, ಒದೆತದ ಅಭ್ಯಾಸಕ್ಕೆ ಜೊತೆಗಾರರು ಹಿಡಿಯುವ ಪ್ಯಾಡಿನ ಮುಂದೆ ನಿಂತಾಗ ಇಲ್ಲಿ ಎಡವುತ್ತಾರೆ. ಕುಮಿತೆ, ಅಂದರೆ ಇಬ್ಬರು ಎದುರುಬದುರಾಗಿ ಸೆಣಸುವ ಸ್ಪರ್ಧೆಯಲ್ಲಿ ಗುದ್ದಿಗೆ 1, ಹೊಟ್ಟೆ ಅಥವಾ ಪಕ್ಕೆಗೆ ತಗುಲಿದ ಒದೆತಕ್ಕೆ 2, ತಲೆಯ ಮಟ್ಟದ ಒದೆತಕ್ಕೆ 3 ಅಂಕ ಸಿಗುವುದರಿಂದ ಮಕ್ಕಳು ಮೊದಲ ದಿನದಿಂದಲೇ ಎತ್ತರಕ್ಕೆ ಒದೆಯಲು ಹಾತೊರೆಯುತ್ತಾರೆ. ಸ್ಪರ್ಧೆಗೆ ಹೋಗುವ ಯೋಚನೆಯೇ ಇಲ್ಲದಿದ್ದ ನಾನೂ ಅದೇ ಹುಚ್ಚಿಗೆ ಬಿದ್ದೆ. ಕಾಲು ಸೊಂಟದಿಂದ ಮೇಲೆ ಏಳದಿರುವುದಕ್ಕೆ ತೊಡೆಯ ಹಿಂಭಾಗದ ಬಿಗಿತವೇ ಕಾರಣವೆಂದು ನಂಬಿ, ಒಂದು ವರ್ಷ ರಾತ್ರಿ ಊಟಕ್ಕೆ ಮುಂಚೆ ಕಾಲು ಚಾಚಿ ಕೂತು ಮೈ ಬಗ್ಗಿಸಿದೆ. ಕಾಲ್ಬೆರಳು ಕೈಗೆ ಸಿಕ್ಕಿತು. ಒದೆತ ಮಾತ್ರ ಇದ್ದಲ್ಲೇ ಇತ್ತು.

ಆ ವರ್ಷದ ಆಷಾಢದಲ್ಲಿ ಒಂದು ಬೆಳಿಗ್ಗೆ ಬಲಗಾಲಿನಿಂದ ಪ್ಯಾಡಿಗೆ ಜೋರಾಗಿ ಒದೆಯುವಾಗ ಎಡ ಮಂಡಿಯ ಒಳಗಡೆ ಏನೋ ಚಳಕ್ಕೆಂದಿತು. ಸಂಜೆಯ ಹೊತ್ತಿಗೆ ಮಂಡಿ ಊದಿಕೊಂಡಿತ್ತು. ಮೂಳೆ ವೈದ್ಯರು ಪರೀಕ್ಷಿಸಿ, ಅಸ್ಥಿರಜ್ಜು ಎಳೆದುಕೊಂಡಿದೆಯೇ ಹೊರತು ಹರಿದಿಲ್ಲ, ಆರು ವಾರ ಒದೆತ ಬೇಡ ಎಂದರು. ಒದ್ದದ್ದು ಬಲಗಾಲು, ನೋವು ಎಡಗಾಲಿಗೆ ಏಕೆ ಎಂಬ ಪ್ರಶ್ನೆಯನ್ನು ನಾನು ಕೇಳಿಕೊಂಡದ್ದು ಆಗಲೇ. ಅದಕ್ಕೂ ಮೊದಲು ಮಾಸ್ಟರ್ ಹತ್ತಾರು ಸಲ “ಸಾರ್, ಹಿಮ್ಮಡಿ ತಿರುಗ್ತಾ ಇಲ್ಲ” ಎಂದಿದ್ದರು. ಅದನ್ನು ನಾನು ಅಂದವನ್ನು ಕುರಿತ ಟಿಪ್ಪಣಿಯೆಂದು ತಿಳಿದು ತಲೆದೂಗಿ ಮುಂದುವರಿದಿದ್ದೆ.

ಮಂಡಿ ಬಹುಮಟ್ಟಿಗೆ ಬಾಗಿಲಿನ ಬಿಜಾಗರಿಯಂತೆ ಮಡಚಿ ಬಿಡಿಸುವುದಕ್ಕೆ ಇರುವ ಕೀಲು. ತಿರುಚುವುದಕ್ಕೆ ಅದರಲ್ಲಿ ಹೆಚ್ಚು ಅವಕಾಶವಿಲ್ಲ. ಸೊಂಟದ ಕೀಲಾದರೋ ಬಟ್ಟಲಿನಲ್ಲಿ ಕೂತ ಗುಂಡಿನ ಹಾಗೆ ಎಲ್ಲ ದಿಕ್ಕಿಗೂ ತಿರುಗಬಲ್ಲದು. ಮವಾಶಿ ಗೇರಿಯಲ್ಲಿ ಸೊಂಟ ಇಡಿಯಾಗಿ ಎದುರಾಳಿಯ ಕಡೆಗೆ ಮಗುಚಿಕೊಳ್ಳುತ್ತದೆ. ಆ ಹೊತ್ತಿನಲ್ಲಿ ನಿಂತ ಪಾದ ನೆಲಕ್ಕೆ ಅಂಟಿಕೊಂಡಿದ್ದರೆ, ಮೇಲಿನಿಂದ ಬಂದ ತಿರುವಿಗೆ ಹೋಗಲು ಬೇರೆ ದಾರಿಯಿಲ್ಲದೆ ಮಂಡಿಯನ್ನೇ ಹಿಂಡುತ್ತದೆ. ಎತ್ತರದ ಗುಟ್ಟೂ ಇಲ್ಲಿಯೇ ಇದೆ. ನಿಂತ ಕಾಲಿನ ಬೆರಳು ಎದುರಾಳಿಯ ಕಡೆಗೇ ಇರುವಾಗ ಸೊಂಟ ಮಗುಚಲಾರದು. ಸೊಂಟ ಮಗುಚದೆ ಕಾಲನ್ನು ಪಕ್ಕಕ್ಕೆ ಎತ್ತಿದರೆ ಒಂದು ಮಟ್ಟದಲ್ಲಿ ಮೂಳೆಗೆ ಮೂಳೆ ಅಡ್ಡ ಬಂದು ನಿಲ್ಲುತ್ತದೆ. ಸ್ನಾಯುವನ್ನು ಎಷ್ಟು ಎಳೆದರೂ ಆ ತಡೆ ಸರಿಯುವುದಿಲ್ಲ. ನನ್ನ ಒಂದು ವರ್ಷದ ಬಗ್ಗುವಿಕೆ ವ್ಯರ್ಥವಾದದ್ದು ಹೀಗೆ.

ತಪ್ಪು ಕಣ್ಣಿಗೆ ಕಂಡದ್ದು ತೀರ್ಥಹಳ್ಳಿ ಸಮೀಪದ ನಮ್ಮ ಊರಿನ ಮನೆಯಲ್ಲಿ. (ಶಿವಮೊಗ್ಗ ಪೇಟೆಯಲ್ಲಿ ಬೀಳುವುದನ್ನು ಆ ಕಡೆಯವರು ಮಳೆಯೆಂದೇ ಒಪ್ಪುವುದಿಲ್ಲ.) ಆರು ವಾರ ಕಳೆದ ಮೇಲೆ ಅಂಗಳದಿಂದ ಒದ್ದೆ ಕಾಲಿನಲ್ಲೇ ಜಗಲಿಗೆ ಬಂದವನು, ಕಾವಿ ನೆಲದ ಮೇಲೆ ನಿಧಾನವಾಗಿ ಒಂದು ಒದೆತ ಒದ್ದು ನೋಡಿ ಕಾಲು ತೆಗೆದೆ. ಗೋಕುಲಾಷ್ಟಮಿಗೆ ಬಾಗಿಲಿನಿಂದ ದೇವರ ಕೋಣೆಯವರೆಗೆ ಬರೆಯುವ ಪಾದಗಳಂತೆ ಐದು ಬೆರಳು, ಹಿಮ್ಮಡಿ ಎಲ್ಲವೂ ಸ್ವಲ್ಪವೂ ಕದಡದೆ ಮೂಡಿದ್ದವು. ನಿಂತ ಕಾಲು ಒಂದು ಎಳೆಯಷ್ಟೂ ತಿರುಗಿರಲಿಲ್ಲ. ಪಾದ ಸರಿಯಾಗಿ ತಿರುಗಿದರೆ ಉಳಿಯಬೇಕಾದದ್ದು ಬೆರಳುಗಳ ಬುಡ ಊರಿದ ಕಡೆ, ಕಾವಲಿಯ ಮೇಲೆ ಸೌಟು ಸುತ್ತಿಸಿದಂಥ ಒಂದು ದುಂಡು ಗುರುತು ಮಾತ್ರ. ಅಲ್ಲಿಂದ ಮುಂದೆ ನನಗೆ ಕನ್ನಡಿಯೂ ಬೇಕಾಗಲಿಲ್ಲ, ಮೊಬೈಲಿನ ವೀಡಿಯೊವೂ ಬೇಕಾಗಲಿಲ್ಲ. “ಈ ವಯಸ್ಸಲ್ಲಿ ನೆಲ ಒದ್ದೆ ಮಾಡ್ಕೊಂಡು ಕುಣಿಯೋದು ಎಂತಕ್ಕೋ ಮಾರಾಯ” ಎಂದು ಅಮ್ಮ ಗೊಣಗುತ್ತಿದ್ದುದು ಬೇರೆ ವಿಷಯ.

ಒದೆತವನ್ನು ನಾಲ್ಕು ಎಣಿಕೆಗಳಾಗಿ ಒಡೆದು ಮೊದಲಿನಿಂದ ಕಲಿತೆ. ಕಿಟಕಿಯ ಸರಳು ಹಿಡಿದು ನಿಂತು, ಒಂದಕ್ಕೆ ಮಂಡಿಯನ್ನು ಮಡಚಿ, ಹಿಮ್ಮಡಿ ಪೃಷ್ಠಕ್ಕೆ ತಾಗುವಷ್ಟು ಹತ್ತಿರ ತಂದು ಎತ್ತುವುದು. ಎರಡಕ್ಕೆ ನಿಂತ ಕಾಲಿನ ಹಿಮ್ಮಡಿಯನ್ನು ಕಾಗದ ತೂರುವಷ್ಟೇ ಎತ್ತಿ ಎದುರಾಳಿಯ ಕಡೆಗೆ ತಿರುಗಿಸುವುದು. ಮೂರಕ್ಕೆ ಮಂಡಿಯಿಂದ ಕೆಳಗಿನ ಭಾಗವನ್ನು ಚಾಚುವುದು. ನಾಲ್ಕಕ್ಕೆ ಅದನ್ನು ಮತ್ತೆ ಮಡಚಿಕೊಳ್ಳುವುದು. ನಾಲ್ಕನೆಯದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಮಡಚಿಕೊಳ್ಳದೆ ಕಾಲನ್ನು ಹಾಗೆಯೇ ಕೆಳಗಿಳಿಸಿದರೆ ಎದುರಾಳಿ ಅದನ್ನು ಹಿಡಿಯಬಹುದು; ಒದ್ದವನ ಬೆನ್ನೂ ಅವನಿಗೆ ಸಿಗುತ್ತದೆ. ಎರಡು ತಿಂಗಳ ನಂತರ ಮೊದಲೆರಡು ಎಣಿಕೆಗಳನ್ನು ಕೂಡಿಸಿದೆ, ಏಕೆಂದರೆ ಮಂಡಿ ಏರುತ್ತಿರುವಾಗಲೇ ಹಿಮ್ಮಡಿ ತಿರುಗತೊಡಗಬೇಕು. ಪ್ಯಾಡಿಗೆ ಕಾಲು ಬಿದ್ದ ಮೇಲೆ ತಿರುಗುವುದು ತಿರುಗದೇ ಇರುವುದಕ್ಕಿಂತ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಭಾರವೆಲ್ಲ ಮಂಡಿಯ ಮೇಲೆ ಕೂತಿರುವ ಕ್ಷಣ ಅದು.

ಮಂಡಿಯನ್ನು ಮೊದಲು ಎತ್ತದೆ ಕಾಲನ್ನು ನೆಲದಿಂದಲೇ ಬೀಸುವ ಚಟ ಬಿಡಿಸಿದ್ದು ಒಂದು ಪ್ಲಾಸ್ಟಿಕ್ ಕುರ್ಚಿ. ಅದನ್ನು ಪಕ್ಕದಲ್ಲಿಟ್ಟುಕೊಂಡು ಅದರ ಬೆನ್ನಿನ ಮೇಲಿಂದ ಒದೆಯಬೇಕು. ಮಂಡಿ ಸೋಮಾರಿತನ ಮಾಡಿದರೆ ಕುರ್ಚಿ ಉರುಳುತ್ತದೆ. ಕೈಯ ವಿಷಯದಲ್ಲಿ ಹೇಳುವುದು ಸ್ವಲ್ಪವೇ ಇದೆ: ಬಲಗಾಲು ಹೋಗುವಾಗ ಎಡಗೈ ಕೆನ್ನೆಯ ಪಕ್ಕದಿಂದ ಕದಲಬಾರದು. ಪ್ಯಾಡನ್ನು ಮೂರು ತಿಂಗಳು ತೊಡೆಯ ಮಟ್ಟದಲ್ಲೇ ಹಿಡಿಸಿದೆ. ಪಕ್ಕದ ಹುಡುಗರು ತಲೆಯೆತ್ತರಕ್ಕೆ ಒದೆಯುವಾಗ ಇದು ಸ್ವಲ್ಪ ಅವಮಾನವೇ, ಆದರೆ ಪಾದ ತಿರುಗತೊಡಗಿದ ಮೇಲೆ ಎತ್ತರ ತಾನಾಗಿ ಬಂತು. ಪಕ್ಕೆಯ ಮಟ್ಟಕ್ಕೆ ಈಗ ನಿರಾಯಾಸವಾಗಿ ಒದೆಯುತ್ತೇನೆ. ಬೆರಳುಗಳನ್ನು ಹಿಂದಕ್ಕೆ ಬಗ್ಗಿಸಿ ಅವುಗಳ ಬುಡದಿಂದ ಹೊಡೆಯುವ ಹಳೆಯ ಕ್ರಮ ನನಗೆ ಒಗ್ಗಲಿಲ್ಲ. ಪಾದದ ಮೇಲ್ಭಾಗದಿಂದಲೇ ಹೊಡೆಯುತ್ತೇನೆ, ಮಾಸ್ಟರ್ ಅದಕ್ಕೆ ಒಪ್ಪಿದ್ದಾರೆ.

ನೆಲದ ಗುಣವನ್ನು ಗಮನಿಸದೆ ಈ ಒದೆತದ ಬಗ್ಗೆ ಮಾತನಾಡುವುದು ಮಲೆನಾಡಿನಲ್ಲಿ ಸಾಧ್ಯವಿಲ್ಲ. ತರಗತಿಯಲ್ಲಿ ಹಾಸುವ ಜೋಡಣೆಯ ಫೋಮ್ ಮ್ಯಾಟು ಬೇಸಿಗೆಯಲ್ಲಿ ಒಂದು ಬಗೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು ಬಗೆ. ಸ್ವಲ್ಪ ತೇವವಿದ್ದರೆ ಅಂಗಾಲು ಅದಕ್ಕೆ ಅಂಟಿಕೊಳ್ಳುತ್ತದೆ, ನೀರು ನಿಂತರೆ ಜಾರುತ್ತದೆ. ನನ್ನ ಮಂಡಿ ಎಳೆದುಕೊಂಡದ್ದು ಅಂಥ ಅಂಟು ನೆಲದ ಮೇಲೆಯೇ. ಈಗ ಮಳೆಗಾಲದಲ್ಲಿ ಹಳೆಯ ಪಂಚೆಯ ತುಂಡೊಂದನ್ನು ಚೀಲದಲ್ಲಿಟ್ಟುಕೊಂಡು, ಪ್ರತಿ ಸುತ್ತಿಗೂ ಮುಂಚೆ ಅಂಗಾಲನ್ನೂ ನಿಲ್ಲುವ ಜಾಗವನ್ನೂ ಒರೆಸುತ್ತೇನೆ. ಹಿಮ್ಮಡಿ ತಿರುಗಿಸುವುದನ್ನು ಕಲಿಯಲು ಮನೆಯ ನುಣುಪು ನೆಲದ ಮೇಲೆ ಕಾಲುಚೀಲ ಹಾಕಿಕೊಂಡು ಅಭ್ಯಾಸ ಮಾಡುವುದು ಸುಲಭ. ಆದರೆ ಗೋಡೆ ಹಿಡಿದು, ಬಲ ಹಾಕದೆ ಮಾತ್ರ. ಕರಾಟೆಯ ದಪ್ಪ ಬಟ್ಟೆ ಆ ದಿನಗಳಲ್ಲಿ ಒಣಗುವುದೇ ಇಲ್ಲ. ಊರಿಗೆ ಹೋದಾಗ ಬಚ್ಚಲ ಒಲೆಯ ಮೇಲಿನ ಗಳಕ್ಕೆ ಹಾಕಿ ಒಣಗಿಸಿ ತಂದರೆ ಇಡೀ ತರಗತಿಗೆ ಹೊಗೆಯ ವಾಸನೆ ಹರಡುತ್ತದೆ, ಮಕ್ಕಳು ಮೂಗು ಮುಚ್ಚಿಕೊಂಡು ನಗುತ್ತಾರೆ.

ತಿಂಗಳಿಗೊಮ್ಮೆ ಊರಿನ ಜಗಲಿಯ ಮೇಲೆ ಒದ್ದೆ ಕಾಲಿನಲ್ಲಿ ಎರಡೂ ಕಡೆ ಹತ್ತು ಹತ್ತು ಒದೆತ ಒದ್ದು ಗುರುತು ನೋಡುವುದನ್ನು ಇವತ್ತಿಗೂ ಬಿಟ್ಟಿಲ್ಲ. ಎಡಗಾಲಿನ ಮೇಲೆ ನಿಂತಾಗ ದುಂಡು ಗುರುತು ಬೀಳುತ್ತದೆ. ಬಲಗಾಲಿನ ಮೇಲೆ ನಿಂತಾಗ ಹಿಮ್ಮಡಿ ಇನ್ನೂ ನೆಲಕ್ಕೆ ತಗುಲಿ ಬಾಲದಂತೆ ಒಂದು ಗೆರೆ ಎಳೆಯುತ್ತದೆ. ಮುಂದಿನ ಬೆಲ್ಟಿನ ಪರೀಕ್ಷೆಯಲ್ಲಿ ಎರಡೂ ಕಾಲಿನ ಒದೆತ ತೋರಿಸಬೇಕಾಗಿರುವುದರಿಂದ ಸದ್ಯಕ್ಕೆ ದಿನದ ಮೊದಲ ಮೂವತ್ತು ಒದೆತಗಳನ್ನು ಎಡಗಾಲಿಗೇ ಮೀಸಲಿಟ್ಟಿದ್ದೇನೆ.